ಗಡಿಕಲ್ಲಿನ ಒಳಗಿದ್ದ ಹಳ್ಳಿ

ಇಂಗ್ಲೆಂಡಿಗೆ ಹೋಗಿಬಂದವರು ಲಂಡನ್ನಿನ ಸೇತುವೆಗಳನ್ನೂ ಆಕ್ಸ್‌ಫರ್ಡಿನ ಗೋಪುರಗಳನ್ನೂ ವರ್ಣಿಸುವಷ್ಟು ಉತ್ಸಾಹದಿಂದ ಅಲ್ಲಿಯ ಹಳ್ಳಿಗಳನ್ನು ವರ್ಣಿಸುವುದಿಲ್ಲ. ಈ ಹೊತ್ತು ನಾನು ತಮ್ಮನ್ನು ಕರೆದೊಯ್ಯಬೇಕೆಂದಿರುವುದು ಡರ್ಬಿಷೈರಿನ ಒಂದು ಹಳ್ಳಿಗೆ. ಬರೆದ ಅಕ್ಷರಗಳನ್ನು ನಂಬಿದರೆ ಅದರ ಹೆಸರು ‘ಇಯಾಮ್’. ಊರವರು ಹೇಳುವುದು ‘ಈಮ್’. ನಾನು ಮೊದಲ ಸಲ ತಪ್ಪಾಗಿಯೇ ಹೇಳಿ ತಿದ್ದಿಸಿಕೊಂಡೆ.

ಷೆಫೀಲ್ಡಿನಿಂದ ಹೊರಟ ರೈಲು ಮೂರೂವರೆ ಮೈಲಿ ಉದ್ದದ ಸುರಂಗದ ಕತ್ತಲೆಯನ್ನು ದಾಟಿದೊಡನೆ ಗ್ರಿಂಡಲ್‌ಫರ್ಡ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಅಲ್ಲಿಂದ ಏರುದಾರಿಯ ನಡಿಗೆ. ಉತ್ತರಕ್ಕೆ ಬೀಸುಗಲ್ಲು ಕಡಿಯುವಂಥ ಒರಟು ಮರಳುಗಲ್ಲಿನ ಬೋರೆ. ಆಗಸ್ಟ್ ತಿಂಗಳಲ್ಲಿ ಹೆದರ್ ಗಿಡಗಳು ಹೂಬಿಟ್ಟು ಅದೆಲ್ಲ ನೇರಳೆಬಣ್ಣ ತಾಳುತ್ತದೆ. ದಕ್ಷಿಣಕ್ಕೆ ಬೆಳ್ಳನೆಯ ಸುಣ್ಣಕಲ್ಲಿನ ಕಣಿವೆಗಳು. ಇವೆರಡೂ ಕೂಡುವಲ್ಲಿ ಊರು ಕುಳಿತಿದೆ. ಹಿಂದೆ ಇಲ್ಲಿಯವರು ಕುರಿ ಸಾಕುತ್ತಿದ್ದರು, ನೆಲ ಅಗೆದು ಸೀಸದ ಅದಿರು ತೆಗೆಯುತ್ತಿದ್ದರು. ಚರ್ಚಿನ ಅಂಗಳದಲ್ಲಿ ಎಂಟನೆಯ ಶತಮಾನದ್ದೆಂದು ಹೇಳುವ ಸ್ಯಾಕ್ಸನ್ ಶಿಲುಬೆಯೊಂದಿದೆ. ಗೋಡೆಯ ಮೇಲೆ 1775ರ ನೆರಳುಗಡಿಯಾರ. ಆದರೆ ಯಾತ್ರಿಕರು ಬರುವುದು ಇವುಗಳಿಗಾಗಿ ಅಲ್ಲ.

1665ರಲ್ಲಿ ಲಂಡನ್ನಿನಲ್ಲಿ ಮಹಾಮಾರಿ ಹಬ್ಬಿತ್ತು. ಅಲ್ಲಿಂದ ಈ ಊರಿನ ದರ್ಜಿಯೊಬ್ಬನ ಮನೆಗೆ ಬಟ್ಟೆಯ ಗಂಟೊಂದು ಬಂದಿತೆಂದೂ, ಒದ್ದೆಯಾಗಿದ್ದ ಬಟ್ಟೆಯನ್ನು ಬೆಂಕಿಯ ಮುಂದೆ ಹರವಿದವನು ಜಾರ್ಜ್ ವಿಕರ್ಸ್ ಎಂಬ ಕೆಲಸಗಾರನೆಂದೂ ಐತಿಹ್ಯ. ಸೆಪ್ಟೆಂಬರ್ 7ರಂದು ಅವನ ಹೆಣವನ್ನು ಹೂಳಿದರು. ಚಳಿಗಾಲದಲ್ಲಿ ರೋಗ ತಗ್ಗಿ, ಮುಂದಿನ ಬೇಸಗೆಯಲ್ಲಿ ಮತ್ತೆ ಹೆಡೆಯೆತ್ತಿತು.

ಆಗ ಅಲ್ಲಿಯ ಪಾದ್ರಿ ವಿಲಿಯಂ ಮಾಂಪೆಸನ್; ಇನ್ನೂ ಮೂವತ್ತು ದಾಟದ ತರುಣ, ಊರಿಗೆ ಹೊಸಬ. ಜನರ ವಿಶ್ವಾಸವಿದ್ದುದು ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿಯ ಮೇಲೆ. ರಾಜ್ಯದ ಮತನಿಯಮಗಳಿಗೆ ಒಪ್ಪದೆ 1662ರಲ್ಲಿ ಪದವಿ ಕಳೆದುಕೊಂಡಿದ್ದ ಪ್ಯೂರಿಟನ್ ಆತ. ಎರಡು ವಿರುದ್ಧ ಪಂಗಡಗಳ ಈ ಇಬ್ಬರು ಕೈಜೋಡಿಸಿದ್ದು, ನನ್ನ ಅಭಿಪ್ರಾಯದಲ್ಲಿ, ಇಡೀ ಕಥೆಯಲ್ಲಿ ಅತ್ಯಂತ ಗಮನಿಸತಕ್ಕ ಸಂಗತಿ. ಇದನ್ನು ಎತ್ತಿ ಹೇಳುವವರು ಕಡಿಮೆ. 1666ರ ಜೂನಿನಲ್ಲಿ ಅವರ ಮಾತಿಗೆ ಊರು ಒಪ್ಪಿತು: ಯಾರೂ ಗಡಿ ದಾಟತಕ್ಕದ್ದಲ್ಲ, ಸತ್ತವರನ್ನು ಅವರವರ ಮನೆಯವರೇ ತಮ್ಮ ಹಿತ್ತಲಿನಲ್ಲೋ ಹೊಲದಲ್ಲೋ ಹೂಳತಕ್ಕದ್ದು, ಚರ್ಚಿನ ಬಾಗಿಲು ಮುಚ್ಚಿ, ಪ್ರಾರ್ಥನೆ ಕಕ್ಲೆಟ್ ಡೆಲ್ಫ್ ಎಂಬ ಬಯಲು ಕಣಿವೆಯಲ್ಲಿ, ಒಬ್ಬರಿಂದೊಬ್ಬರು ದೂರ ನಿಂತು. ಎಲ್ಲರೂ ಹೀಗೆ ಕಟ್ಟುಬಿದ್ದರೆಂದು ಮಾತ್ರ ತಿಳಿಯಬಾರದು. ಅನುಕೂಲವಿದ್ದ ಕೆಲವರು ಮೊದಲೇ ಹೊರಟುಹೋಗಿದ್ದರು. ಮಾಂಪೆಸನ್ ಕೂಡ ತನ್ನ ಮಕ್ಕಳನ್ನು ಮುಂಚೆಯೇ ಹೊರಗೆ ಕಳುಹಿಸಿದ್ದನು. ಹೆಂಡತಿ ಕ್ಯಾಥರೀನ್ ಹೋಗಲೊಪ್ಪಲಿಲ್ಲ. ಆಗಸ್ಟ್ 25ರಂದು ತೀರಿಕೊಂಡಳು. ಚರ್ಚಿನ ಅಂಗಳದಲ್ಲಿ ಅವಳ ಗೋರಿಯಿದೆ.

ಪಕ್ಕದ ಸ್ಟೋನಿ ಮಿಡ್ಲ್‌ಟನ್ನಿಗೆ ಹೋಗುವ ಕಾಲುದಾರಿಯಲ್ಲಿ ಗಡಿಕಲ್ಲು ಸಿಗುತ್ತದೆ. ಅದರ ಮೈಯಲ್ಲಿ ಕುಳಿಗಳು. ಈಮಿನವರು ಕುಳಿಗಳಲ್ಲಿ ವಿನೆಗರ್ ತುಂಬಿ ನಾಣ್ಯಗಳನ್ನು ಮುಳುಗಿಸಿಡುವರು. ಹೊರಗಿನವರು ಅದನ್ನು ತೆಗೆದುಕೊಂಡು ಆಹಾರವನ್ನಿಟ್ಟು ಹೋಗುವರು. ಕುಳಿಗಳ ಅಂಚು ಈಗ ಸವೆದು ನುಣುಪಾಗಿದೆ, ನೋಡಬಂದವರೆಲ್ಲ ಬೆರಳಾಡಿಸುತ್ತಾರೆ. ನಾನೂ ಆಡಿಸಿದೆ. ಬೇಕಾದ ಸಾಮಗ್ರಿಗಳಲ್ಲಿ ಬಹಳಷ್ಟನ್ನು ಒದಗಿಸಿದವನು ಚಾಟ್ಸ್‌ವರ್ತಿನಲ್ಲಿದ್ದ ಡೆವನ್‌ಷೈರಿನ ಅರ್ಲ್. ಆ ಅರಮನೆ ಕೆಲವೇ ಮೈಲಿ ದೂರದಲ್ಲಿ ಡರ್ವೆಂಟ್ ನದಿಯ ದಡದಲ್ಲಿದೆ. ಆದರೆ ಈಗ ಕಾಣುವ ಭವ್ಯ ಮುಖಗಳು 1687ರಿಂದೀಚೆಗೆ ಕಟ್ಟಿದವು. ರೊಟ್ಟಿ ಕಳುಹಿಸಿದ ಕಾಲದ ಸಾಕ್ಷಿಯಾಗಿ ಹಿಂದಿನ ಗುಡ್ಡದ ಮೇಲೆ ಎಲಿಜಬೆತ್ ರಾಣಿಯ ಕಾಲದ ಬೇಟೆಗೋಪುರ ನಿಂತಿದೆ.

1666ರ ನವೆಂಬರಿಗೆ ರೋಗ ನಿಂತಿತು. ಸತ್ತವರು ಸುಮಾರು 260. ಊರಿನ ಜನ 350 ಎಂದು ಹಿಂದೆ ಹೇಳುತ್ತಿದ್ದರು. ಇತ್ತೀಚಿನ ವಿದ್ವಾಂಸರು ಅದರ ಎರಡರಷ್ಟಿತ್ತೆಂದು ತಿಳಿಯುತ್ತಾರೆ. ಹಾಗಾದರೂ ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಸತ್ತಂತಾಯಿತು.

ಈ ತ್ಯಾಗದಿಂದ ಫಲವೇನಾಯಿತೆಂದು ಕೇಳುವುದು ಕಟುವೆನಿಸಬಹುದು; ಚರಿತ್ರಕಾರನು ಕೇಳಲೇಬೇಕು. ನಮ್ಮ ನಾಡಿನ ಅನುಭವ ಇಲ್ಲಿ ನೆನಪಾಗುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಆಮೇಲೆ ಮೈಸೂರು ಸೀಮೆಯ ಹಳ್ಳಿಹಳ್ಳಿಗೂ ಹಬ್ಬಿದಾಗ, ಇಲಿ ಬಿತ್ತೆಂದೊಡನೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಆ ಕಥೆ ಕೇಳದ ಮನೆತನ ನಮ್ಮಲ್ಲಿ ವಿರಳ. ಈ ರೋಗವನ್ನು ಇಲಿಯ ಚಿಗಟ ಹರಡುತ್ತದೆಂದು ಸೀಮೊನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲಿ. ಈಮಿನ ಮರಣಗಳ ಲೆಕ್ಕವನ್ನು 2016ರಲ್ಲಿ ಪರಿಶೀಲಿಸಿದ ಇಬ್ಬರು ವಿಜ್ಞಾನಿಗಳು ಅಲ್ಲಿ ಬಹುಪಾಲು ಸೋಂಕು ಮನುಷ್ಯರಿಂದ ಮನುಷ್ಯರಿಗೆ, ಅದರಲ್ಲಿಯೂ ಒಂದೇ ಮನೆಯೊಳಗೆ, ಹರಡಿತೆಂದು ಅಭಿಪ್ರಾಯಪಟ್ಟರು. ಅಂತೂ ಇಲಿಯಿಂದಾಗಲಿ ಮನುಷ್ಯನಿಂದಾಗಲಿ, ಮನೆಯೊಳಗೆ ಉಳಿದದ್ದೇ ಈಮಿನವರಿಗೆ ಮುಳುವಾಯಿತು. ಗಡಿಯೊಳಗೇ ಬೋರೆಯ ಮೇಲೆ ಚದುರಿ ಗುಡಿಸಲು ಹಾಕಿದ್ದರೆ ಕೊಟ್ಟ ಮಾತೂ ಉಳಿಯುತ್ತಿತ್ತು, ಎಷ್ಟೋ ಜೀವಗಳೂ ಉಳಿಯುತ್ತಿದ್ದವೆಂದು ನನಗೆ ತೋರುತ್ತದೆ. ಅದನ್ನು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಸುತ್ತಲಿನ ಊರುಗಳಿಗೆ ರೋಗ ಹಬ್ಬಲಿಲ್ಲವೆಂಬುದನ್ನೂ ಮರೆಯುವಂತಿಲ್ಲ.

ಸಂಜೆ ಊರಿನ ಪೂರ್ವಕ್ಕೆ ಅರ್ಧ ಮೈಲಿ ನಡೆದು ರೈಲಿ ಹೊಲಕ್ಕೆ ಹೋದೆ. ಇಳಿಜಾರು ಹುಲ್ಲಿನ ಮೇಲೆ ಗುಂಡಾದ ಕಲ್ಲುಗೋಡೆ. ಒಳಗೆ ಹ್ಯಾನ್‌ಕಾಕ್ ಮನೆತನದ ಸಮಾಧಿಗಳು. 1666ರ ಆಗಸ್ಟಿನಲ್ಲಿ ಎಂಟು ದಿನಗಳೊಳಗೆ ಎಲಿಜಬೆತ್ ಹ್ಯಾನ್‌ಕಾಕ್ ತನ್ನ ಗಂಡನನ್ನೂ ಆರು ಮಕ್ಕಳನ್ನೂ ಇಲ್ಲಿಗೆ ತಾನೇ ಎಳೆದು ತಂದು, ತಾನೇ ಗುಂಡಿ ತೋಡಿ ಹೂತಳು. ಆಚೆಯ ದಿಣ್ಣೆಯ ಮೇಲೆ ಸ್ಟೋನಿ ಮಿಡ್ಲ್‌ಟನ್ನಿನ ಜನ ನಿಂತು ನೋಡುತ್ತಿದ್ದರೆಂದು ಹೇಳುತ್ತಾರೆ. ಆ ದಿಣ್ಣೆ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.