ನೇಯ್ದ ಕೈಯ ಹೆಸರು ಬಟ್ಟೆಯ ಜೊತೆ ಉಳಿಯಲಿ

ಸಂಘವೊಂದು ಸ್ಮರಣ ಸಂಚಿಕೆ ತಂದಾಗ ಅದರಲ್ಲಿ ಸ್ಥಾಪಕರ ಭಾವಚಿತ್ರ, ಅಧ್ಯಕ್ಷರ ಪಟ್ಟಿ, ಕಟ್ಟಡದ ಶಂಕುಸ್ಥಾಪನೆಯ ವಿವರ, ಷೇರು ಬಂಡವಾಳದ ಲೆಕ್ಕ ಇರುತ್ತವೆ. ಇವೆಲ್ಲ ಇರಬೇಕಾದವೇ. ನೇಕಾರರು ತರುವ ಸಂಚಿಕೆಗೆ ಇನ್ನೊಂದು ಇತಿಹಾಸವೂ ಸೇರಬೇಕು. ನಮ್ಮ ಮಗ್ಗಗಳ ಮೇಲೆ ಯಾವ ಅಂಚು ಇಳಿಯಿತು, ಯಾವ ಸೆರಗು, ಯಾವ ಬಣ್ಣ, ಯಾರ ಕೈಯಿಂದ ಎಂಬ ಇತಿಹಾಸ ಅದು. ನಡಾವಳಿ ಪುಸ್ತಕದಲ್ಲಿ ಅದು ಸಿಗುವುದಿಲ್ಲ. ಬಟ್ಟೆಯಲ್ಲಿ ಮಾತ್ರ ಇರುತ್ತದೆ, ಬಟ್ಟೆ ಹೋದರೆ ಅದರೊಂದಿಗೇ ಹೋಗುತ್ತದೆ.

ಕಲ್ಲು ಉಳಿಯುವಂತೆ ಬಟ್ಟೆ ಉಳಿಯುವುದಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ. ಮುದನೂರಿನ ದೇವರ ದಾಸಿಮಯ್ಯ ಮಗ್ಗದ ಕಾಯಕ ಮಾಡುತ್ತಲೇ ವಚನ ಕಟ್ಟಿದರು. ಆ ಕಾಲದ ಮಾತು ನಮಗೆ ದಕ್ಕಿದೆ. ಆ ಕಾಲದ ಸೀರೆಯೊಂದನ್ನು ಮುಟ್ಟಿ ನೋಡುವ ಭಾಗ್ಯ ದಕ್ಕಿಲ್ಲ. ನಮ್ಮ ಮಳೆ, ತೇವ, ಗೆದ್ದಲು, ನುಸಿಗಳ ನಡುವೆ ಹತ್ತಿ ಬಹುಕಾಲ ಬಾಳದು. ಗುಜರಾತಿನಿಂದ ವ್ಯಾಪಾರಕ್ಕೆಂದು ಹೋದ ಮಧ್ಯಕಾಲದ ಅಚ್ಚಿನ ಬಟ್ಟೆಯ ಚೂರುಗಳು ಉಳಿದಿರುವುದು ಈಜಿಪ್ಟಿನ ಫುಸ್ತಾತ್‌ನಂಥ ಒಣನೆಲದಲ್ಲಿ. ಅಂಥ 1,200ಕ್ಕೂ ಹೆಚ್ಚು ಚೂರುಗಳು ಇಂದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿವೆ. ಭಾರತದ ಬಟ್ಟೆಯ ಹಳೆಯ ಚರಿತ್ರೆ ಬರೆಯುವವರು ಅಲ್ಲಿಗೆ ಹೋಗಲೇಬೇಕು.

ಕತ್ತರಿಸಿ ಕೂಡಿಸಿದ 18 ಸಂಪುಟ

ನಮ್ಮ ಬಟ್ಟೆಯನ್ನು ವ್ಯವಸ್ಥಿತವಾಗಿ ಸಂಗ್ರಹಿಸಿದ ಮೊದಲ ದೊಡ್ಡ ಪ್ರಯತ್ನ ನಮ್ಮ ಹಿತಕ್ಕಾಗಿ ನಡೆದದ್ದಲ್ಲ. ಲಂಡನ್ನಿನ ಇಂಡಿಯಾ ಮ್ಯೂಸಿಯಂನಲ್ಲಿದ್ದ ಜಾನ್ ಫೋರ್ಬ್ಸ್ ವಾಟ್ಸನ್ 1866ರಲ್ಲಿ ಭಾರತದ ನೇಯ್ಗೆಗಳ 700 ಮಾದರಿಗಳನ್ನು 18 ಸಂಪುಟಗಳಲ್ಲಿ ಅಂಟಿಸಿ ಹೊರತಂದ. ಇಂಥ 20 ಕಟ್ಟುಗಳು ಸಿದ್ಧವಾದವು. 13 ಬ್ರಿಟನ್ನಿನಲ್ಲಿ ಉಳಿದವು, 7 ಭಾರತಕ್ಕೆ ಬಂದವು. ಮ್ಯೂಸಿಯಂನಲ್ಲಿದ್ದ ಇಡೀ ಇಡೀ ಸೀರೆ, ಧೋತರ, ಪಗಡಿಗಳನ್ನು ಕತ್ತರಿಸಿಯೇ ಈ ಮಾದರಿಗಳನ್ನು ಮಾಡಿದ್ದು. ಭಾರತದ ಜನ ಏನು ಉಡುತ್ತಾರೆ, ಎಷ್ಟು ಅಗಲ, ಎಂಥ ಅಂಚು ಬಯಸುತ್ತಾರೆ ಎಂಬುದನ್ನು ಬ್ರಿಟನ್ನಿನ ಗಿರಣಿ ಮಾಲೀಕರು ಕಣ್ಣಾರೆ ಕಂಡು, ಅಂಥದ್ದನ್ನೇ ಯಂತ್ರದಲ್ಲಿ ಮಾಡಿ ಇಲ್ಲಿಗೆ ಮಾರಲಿ ಎಂಬುದು ಆ ಪುಸ್ತಕಗಳ ಉದ್ದೇಶವಾಗಿತ್ತು.

ಇಂದಿಗೂ ಆ ಮಾದರಿಗಳ ಬಣ್ಣ, ಎಳೆಗಳ ನಯ ಬೆರಗು ಹುಟ್ಟಿಸುತ್ತವೆ. ಪಕ್ಕದ ಚೀಟಿಯಲ್ಲಿ ಊರಿನ ಹೆಸರಿದೆ, ಉದ್ದ, ಅಗಲ, ತೂಕ, ಬೆಲೆ ಇವೆ. ನೇಯ್ದವರ ಹೆಸರಿಲ್ಲ. 700 ಮಾದರಿ ನೇಯ್ದ ಕುಟುಂಬಗಳು ಯಾವುವು, ಆ ವಿನ್ಯಾಸವನ್ನು ಅವರ ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಯಾವ ಹಬ್ಬಕ್ಕೆ, ಯಾವ ಮದುವೆಗೆ ನೇಯುತ್ತಿದ್ದರು ಎಂಬುದನ್ನು ಇನ್ನು ಯಾರೂ ಹೇಳಲಾರರು. ಸಂಗ್ರಹ ಮಾಡುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕಿಲ್ಲ.

ನಮ್ಮವರೇ ಕಟ್ಟಿದ ಸಂಗ್ರಹ

ಸ್ವಾತಂತ್ರ್ಯದ ಬೆನ್ನಲ್ಲೇ ಚಿತ್ರ ಬದಲಾಯಿತು. ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿಯವರು ಕೊಟ್ಟ ಸಲಹೆಯನ್ನು ಮನಸ್ಸಿಗೆ ತಂದುಕೊಂಡ ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗಿರಾ ಸಾರಾಭಾಯಿ ಅಹಮದಾಬಾದಿನಲ್ಲಿ ಕ್ಯಾಲಿಕೋ ಮ್ಯೂಸಿಯಂ ಕಟ್ಟಿದರು. 1949ರಲ್ಲಿ ನೆಹರೂ ಅದನ್ನು ಉದ್ಘಾಟಿಸಿದರು. ಗಿರಣಿಯ ಆವರಣದಲ್ಲಿ ಶುರುವಾದ ಆ ಸಂಸ್ಥೆ ಮುಂದೆ ಶಾಹಿಬಾಗ್‌ನ ಸಾರಾಭಾಯಿ ಮನೆತನದ ‘ರಿಟ್ರೀಟ್’ಗೆ ಸ್ಥಳಾಂತರವಾಯಿತು. 1955ರಿಂದ ಭಾರತೀಯ ವಸ್ತ್ರ ಚರಿತ್ರೆಗೆಂದೇ ಒಂದು ವಿದ್ವತ್ ಪತ್ರಿಕೆಯನ್ನೂ ಹೊರಡಿಸಿತು. ಕ್ಯಾಲಿಕೋ ಗಿರಣಿ ಇಂದು ಇಲ್ಲ. ಅದರ ಹೆಸರಿನ ಮ್ಯೂಸಿಯಂ ಜಗತ್ತಿನ ಶ್ರೇಷ್ಠ ವಸ್ತ್ರ ಸಂಗ್ರಹಗಳಲ್ಲಿ ಒಂದಾಗಿ ಉಳಿದಿದೆ.

1956ರಿಂದ ಒಂದೊಂದಾಗಿ ತೆರೆದ ನೇಕಾರರ ಸೇವಾ ಕೇಂದ್ರಗಳು ಇನ್ನೊಂದು ದಾರಿ ಹಿಡಿದವು. ಪುಪುಲ್ ಜಯಕರ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಈ ಕೇಂದ್ರಗಳಲ್ಲಿ ಕೆ.ಜಿ. ಸುಬ್ರಮಣ್ಯನ್ ಅವರಂಥ ಕಲಾವಿದರು ನೇಕಾರರ ಜೊತೆ ಕೂತು ವಿನ್ಯಾಸ ಮಾಡಿದರು. ಬೆಂಗಳೂರಿನಲ್ಲೂ ಅಂಥ ಕೇಂದ್ರವಿದೆ. ಹಳೆಯ ಮಾದರಿಗಳನ್ನು ಮತ್ತೆ ಮಗ್ಗಕ್ಕೆ ಕೊಡುವುದು ಇಲ್ಲಿನ ಕೆಲಸಗಳಲ್ಲಿ ಒಂದು. 2023ರ ಆಗಸ್ಟ್ 7ರಂದು, ರಾಷ್ಟ್ರೀಯ ಕೈಮಗ್ಗ ದಿನದಂದೇ, ನಿಫ್ಟ್ ಸಂಸ್ಥೆ ಸಿದ್ಧಪಡಿಸಿದ ‘ಭಾರತೀಯ ವಸ್ತ್ರ ಏವಂ ಶಿಲ್ಪ ಕೋಶ’ ಎಂಬ ಡಿಜಿಟಲ್ ಭಂಡಾರವೂ ಲೋಕಾರ್ಪಣೆಯಾಯಿತು.

ನಮ್ಮ ಅಂಗಳದಲ್ಲಿ ಏನಿದೆ?

ಇಳಕಲ್ಲಿನ ಸೀರೆಯನ್ನೇ ನೋಡಿ. ಮೈಯ ಹಾಸಿನ ಎಳೆಗಳನ್ನೂ ಸೆರಗಿನ ಕೆಂಪು ರೇಷ್ಮೆ ಹಾಸಿನ ಎಳೆಗಳನ್ನೂ ಕೊಂಡಿಗಳಾಗಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸುವ ಪದ್ಧತಿ ಅದರ ಜೀವಾಳ. ಗೋಮಿ, ಚಿಕ್ಕಿ ಪರಾಸ, ಗಾಡಿ ಎಂಬ ಅಂಚುಗಳು, ಜೋಳದ ತೆನೆ, ಬಾಚಣಿಗೆ, ಕೋಟೆಯ ತೆನೆಗಳನ್ನು ನೆನಪಿಸುವ ಬಿಳಿ ಚಿತ್ತಾರದ ಸೆರಗು, ಅದರ ಮೇಲೆ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಹೊಲಿಗೆಗಳ ಕಸೂತಿ. ಗುಳೇದಗುಡ್ಡದ ಖಣದಲ್ಲಿ ತೇರು, ಸೂಜಿ ಮಲ್ಲಿಗೆ, ಆನೆ ಹೆಜ್ಜೆ. ಮೊಳಕಾಲ್ಮೂರಿನ ರೇಷ್ಮೆ, ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನೆ, ಕರಾವಳಿಯ ಉಡುಪಿ ಸೀರೆ ಇವೆಲ್ಲ ಒಂದೇ ರಾಜ್ಯದ ಸಂಪತ್ತು. ದೇವಾಂಗ, ಕುರುಹಿನಶೆಟ್ಟಿ, ಪದ್ಮಶಾಲಿ, ಪಟ್ಟಸಾಲಿ, ಸ್ವಕುಳಸಾಳಿ, ಹಟಗಾರ ಹೀಗೆ ಎಷ್ಟೋ ಸಮುದಾಯಗಳ ಬೆರಳು ಇದರಲ್ಲಿ ಆಡಿದೆ.

ಈ ಸಂಪತ್ತು ಸೋರುತ್ತಿರುವ ದಾರಿಗಳು ನಮಗೆಲ್ಲ ಗೊತ್ತು. ಹಳೆಯ ಜರಿ ಬೆಳ್ಳಿಯದು. ಹಳೆ ಜರಿ ಕೊಳ್ಳುವವರು ಮನೆ ಬಾಗಿಲಿಗೆ ಬಂದಾಗ ಅಜ್ಜಿಯ ಧಾರೆ ಸೀರೆ ತೂಕದ ಲೆಕ್ಕದಲ್ಲಿ ಹೋಗುತ್ತದೆ, ಬೆಳ್ಳಿ ಕರಗುತ್ತದೆ, ವಿನ್ಯಾಸ ಸುಟ್ಟು ಬೂದಿಯಾಗುತ್ತದೆ. ಹೊಸ ನಮೂನೆ ಬಂದಾಗ ಹಳೆಯ ಜಕಾರ್ಡ್ ಕಾರ್ಡುಗಳು ಒಲೆಗೆ ಹೋಗುತ್ತವೆ. ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬಣ್ಣ ತುಂಬಿ ಬರೆದ ನಕ್ಷೆ ರದ್ದಿಗೆ ಸೇರುತ್ತದೆ. ಮಗ್ಗ ಇಳಿಸಿದ ಹಿರಿಯರು ತೀರಿಕೊಂಡಾಗ ಅವರ ಲೆಕ್ಕಾಚಾರವೂ ಮಣ್ಣಾಗುತ್ತದೆ.

ಬಟ್ಟೆ ಉಳಿದರೆ ನೇಯ್ಗೆ ಮರಳಿ ಬರಬಲ್ಲದು ಎಂಬುದಕ್ಕೆ ಗಜೇಂದ್ರಗಡದ ಸೀಮೆಯ ಪಟ್ಟೇದ ಅಂಚು ಸೀರೆಯೇ ಸಾಕ್ಷಿ. ಮಗ್ಗದಿಂದ ಬಹುಕಾಲ ಮರೆಯಾಗಿದ್ದ ಈ ಸೀರೆ ಹಳೆಯ ಮಾದರಿಯ ಆಸರೆಯಿಂದಲೇ ಮತ್ತೆ ಮಗ್ಗ ಏರಿತು. ಕರಾವಳಿಯಲ್ಲಿ ಕದಿಕೆ ಟ್ರಸ್ಟ್ ಮತ್ತು ತಾಳಿಪಾಡಿಯ ನೇಕಾರರ ಸಂಘ ಉಡುಪಿ ಸೀರೆಗೆ ಮರುಜೀವ ಕೊಟ್ಟಾಗ ಸೀರೆಯ ಚೀಟಿಯ ಮೇಲೆ ನೇಯ್ದವರ ಹೆಸರು, ಭಾವಚಿತ್ರವನ್ನು ಅಚ್ಚು ಹಾಕಿಸಿದರು. 1866ರ ಸಂಪುಟಗಳಲ್ಲಿ ಖಾಲಿ ಬಿಟ್ಟಿದ್ದ ಜಾಗವನ್ನು ನಮ್ಮ ಕಾಲದ ನೇಕಾರರು ಹೀಗೆ ತುಂಬಿದ್ದಾರೆ.

ಇದರಲ್ಲಿ ಹಕ್ಕಿನ ಪ್ರಶ್ನೆಯೂ ಇದೆ. 1999ರ ಭೌಗೋಳಿಕ ಸೂಚ್ಯಂಕ ಕಾಯ್ದೆಯಡಿ ಮಾನ್ಯತೆ ಕೇಳುವವರು ಆ ವಸ್ತುವಿನ ಮೂಲ, ಪ್ರದೇಶ, ತಯಾರಿಕೆಯ ವಿಧಾನವನ್ನು ಸಾಬೀತು ಮಾಡಬೇಕು. 1985ರ ಕಾಯ್ದೆ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. ವಿದ್ಯುತ್ ಮಗ್ಗದ ನಕಲು ಮಾರುಕಟ್ಟೆಗೆ ಬಂದಾಗ “ಇದು ನಮ್ಮದು” ಎಂದು ಬಾಯಲ್ಲಿ ಹೇಳಿದರೆ ಸಾಲದು. ತಾರೀಖು ಹಾಕಿದ ಮಾದರಿ, ನಕ್ಷೆ, ದಾಖಲೆ ಕೈಯಲ್ಲಿರಬೇಕು.

ಸಂಘದ ಒಂದು ಕೋಣೆ ಸಾಕು

ಇದಕ್ಕೆ ಅರಮನೆಯಂಥ ಮ್ಯೂಸಿಯಂ ಬೇಡ. ಬಿಸಿಲು ಬೀಳದ, ನೀರು ಜಿನುಗದ ಒಂದು ಕೋಣೆ, ಉಕ್ಕಿನ ಒಂದೆರಡು ಕಪಾಟು, ಜವಾಬ್ದಾರಿ ಹೊರುವ ಇಬ್ಬರು ಇದ್ದರೆ ಕೆಲಸ ಶುರುವಾಗುತ್ತದೆ. ಬೆಳಕು ಬಣ್ಣವನ್ನು ತಿನ್ನುತ್ತದೆ. ಮ್ಯೂಸಿಯಂಗಳಲ್ಲಿ ಬಟ್ಟೆಯ ಮೇಲಿನ ಬೆಳಕು 50 ಲಕ್ಸ್ ದಾಟದಂತೆ ನೋಡಿಕೊಳ್ಳುವುದು ಇದೇ ಕಾರಣಕ್ಕೆ. ಮಡಿಕೆಯ ಗೆರೆಯಲ್ಲೇ ರೇಷ್ಮೆ, ಜರಿ ಸೀಳುವುದರಿಂದ ಹಳೆಯ ಸೀರೆಯನ್ನು ದಪ್ಪ ಕೊಳವೆಗೆ ಸುತ್ತಿಡುವುದು ಒಳ್ಳೆಯದು. ಮಡಚಲೇಬೇಕಾದರೆ ಆಗಾಗ ಮಡಿಕೆ ಬದಲಿಸಬೇಕು. ಸುತ್ತಲು ಗಂಜಿ ಹೋಗುವಂತೆ ಒಗೆದ ಬಿಳಿ ಹತ್ತಿ ಬಟ್ಟೆ ಬಳಸಿ. ವೃತ್ತಪತ್ರಿಕೆ ಬೇಡವೇ ಬೇಡ, ಅದರ ಆಮ್ಲ ಬಟ್ಟೆಗೆ ಇಳಿಯುತ್ತದೆ. ಗುಂಡುಪಿನ್ನು ತುಕ್ಕಿನ ಕಲೆ ಬಿಡುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಗೆ ಹರಡಿ, ಹುಳ ಹತ್ತಿದೆಯೇ ಎಂದು ನೋಡಬೇಕು.

ಪ್ರತಿ ಬಟ್ಟೆಗೂ ಒಂದು ಸಂಖ್ಯೆ, ಒಂದು ಹಾಳೆ ಇರಲಿ. ನೇಯ್ದವರ ಹೆಸರು, ಊರು, ವರ್ಷ. ವಿನ್ಯಾಸವನ್ನು ಓಣಿಯಲ್ಲಿ ಕರೆಯುವ ಹೆಸರು. ಹಾಸು ಮತ್ತು ಹೊಕ್ಕಿನ ನೂಲು, ಹಣಿಗೆಯ ಲೆಕ್ಕ, ಬಣ್ಣ ಹಾಕಿದ ಬಗೆ. ಯಾರು, ಯಾವಾಗ ಉಡುತ್ತಿದ್ದರು, ಆಗಿನ ಬೆಲೆ ಎಷ್ಟು ಎಂಬುದನ್ನು ಅದರಲ್ಲಿ ಬರೆಯಿರಿ. ನೂಲು ಸುತ್ತಿದವರು, ಹಾಸು ಹೂಡಿದವರು, ಬಣ್ಣ ಹಾಕಿದವರ ಹೆಸರೂ ಸೇರಲಿ. ಆ ಕೆಲಸಗಳಲ್ಲಿ ಹೆಚ್ಚಿನವು ಮನೆಯ ಹೆಣ್ಣುಮಕ್ಕಳು ಮಾಡಿದ್ದು, ಅವರ ಹೆಸರು ಯಾವ ಲೆಕ್ಕಪುಸ್ತಕದಲ್ಲೂ ಇಲ್ಲ. ಹಿರಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಅದೇ ಸಂಖ್ಯೆಯಡಿ ಇಡಿ. ಫೋಟೋ ತೆಗೆದಾಗ ಪಕ್ಕದಲ್ಲಿ ಅಳತೆಪಟ್ಟಿ ಕಾಣಲಿ. ಹೊರಗಿನವರು ವಿನ್ಯಾಸ ಬಳಸಲು ಕೇಳಿದರೆ ಸಂಘದ ಲಿಖಿತ ಒಪ್ಪಿಗೆ ಬೇಕೆಂಬ ನಿಯಮವನ್ನು ಮೊದಲ ದಿನವೇ ಮಾಡಿಕೊಳ್ಳಿ. ಸಂಗ್ರಹ ನಕಲಿಗೆ ದಾರಿಯಾದ ಕಥೆ ನಮ್ಮ ಮುಂದಿದೆ. ನಮ್ಮ ಮಕ್ಕಳಿಗೆ, ಕಲಿಯಬಯಸುವ ನೇಕಾರರಿಗೆ ಮಾತ್ರ ಆ ಕಪಾಟು ಸದಾ ತೆರೆದಿರಬೇಕು.

ಹಳೆಯದನ್ನು ಹುಡುಕುವ ಜೊತೆಗೆ ಇಂದಿನದನ್ನೂ ಕೂಡಿಡಬೇಕು. ಇಂದು ಮಗ್ಗದ ಮೇಲಿರುವ ಸೀರೆ ಮೊಮ್ಮಕ್ಕಳ ಕಾಲಕ್ಕೆ ಚರಿತ್ರೆ. ಪ್ರತಿ ಹೊಸ ವಿನ್ಯಾಸದಿಂದ ಗೇಣುದ್ದದ ಮಾದರಿಯನ್ನು ನೇಯುವಾಗಲೇ ತೆಗೆದಿಟ್ಟರೆ ಸಂಘಕ್ಕೆ ಬೀಳುವ ಖರ್ಚು ಅತ್ಯಲ್ಪ.

ನೇಕಾರ ಬಂಧುಗಳಲ್ಲಿ, ನೇಯ್ಗೆಯನ್ನು ಪ್ರೀತಿಸುವ ಎಲ್ಲರಲ್ಲಿ ನನ್ನ ಬಿನ್ನಹ ಇಷ್ಟೇ. ಮನೆಯ ಟ್ರಂಕಿನಲ್ಲಿರುವ ಹಳೆಯ ಸೀರೆ, ಖಣ, ಪಗಡಿ, ನಕ್ಷೆಯ ಹಾಳೆ, ಹರಿದ ಅಂಚಿನ ತುಂಡು ಯಾವುದನ್ನೂ ಮಾರಬೇಡಿ, ಸುಡಬೇಡಿ. ಸಂಘಕ್ಕೆ ಕೊಡಿ. ಕೊಡಲು ಮನಸ್ಸು ಬಾರದಿದ್ದರೆ ಫೋಟೋ ತೆಗೆದು ವಿವರ ಬರೆದುಕೊಳ್ಳಲು ಒಂದು ದಿನದ ಮಟ್ಟಿಗೆ ತನ್ನಿ. ತರುವಾಗ ಅದನ್ನು ನೇಯ್ದವರ ಹೆಸರನ್ನು ಮನೆಯ ಹಿರಿಯರಲ್ಲಿ ಕೇಳಿ, ತಪ್ಪದೆ ಬರೆದು ತನ್ನಿ.