ಮಾತ್ರೆಗೊಂದು ಅರ್ಜಿ

ಎಂಟನೆಯ ತರಗತಿಯ ಮಕ್ಕಳಿಗೆ ಅರ್ಜಿ ಬರೆಯುವುದನ್ನು ಎಷ್ಟೋ ವರ್ಷಗಳಿಂದ ಕಲಿಸುತ್ತಾ ಬಂದಿದ್ದೇನೆ. ಮೇಲೆ 'ಇಂದ', ಅದರ ಕೆಳಗೆ 'ಗೆ', ವಿಷಯ ಒಂದೇ ಸಾಲಿನಲ್ಲಿ, ಕೊನೆಗೆ 'ತಮ್ಮ ವಿಶ್ವಾಸಿ'. ಮಕ್ಕಳು ರಜೆ ಬೇಡಿ ಬರೆಯುತ್ತಾರೆ, ಬೀದಿದೀಪ ಬೇಡಿ ಬರೆಯುತ್ತಾರೆ. ಐದು ಅಂಕ ಬಂದರೆ ಅಲ್ಲಿಗೆ ಅರ್ಜಿಯ ಕೆಲಸ ಮುಗಿಯಿತು. ಅರ್ಜಿಯೊಂದು ಜೀವ ಉಳಿಸಲೂ ಬಲ್ಲದು ಎಂದು ನನಗೆ ಹೊಳೆದದ್ದು ಕೆನಡಾದ ಸುಝನ್ ಮೆಕ್ನಮಾರ ಎಂಬ ಹೆಣ್ಣುಮಗಳ ವಿಷಯ ಓದಿದ ಮೇಲೆ.

ಮಾಂಟ್ರಿಯಲ್ ನಗರದ ಸುಝನ್‌ಗೆ 1998ರಲ್ಲಿ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ವಯಸ್ಸು ಮೂವತ್ತರ ಆಸುಪಾಸು. ವೈದ್ಯರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂದು ಕರೆಯುವ ಈ ರೋಗದಲ್ಲಿ ಬಿಳಿ ರಕ್ತಕಣಗಳು ಅಂಕೆಯಿಲ್ಲದೆ ಬೆಳೆಯುತ್ತವೆ. ಆಗ ಇದ್ದ ದಾರಿಗಳು ಎರಡು: ಬೇರೆಯವರ ಅಸ್ಥಿಮಜ್ಜೆಯನ್ನು ಕಸಿ ಮಾಡಿಸಿಕೊಳ್ಳುವುದು, ಇಲ್ಲವೇ ಇಂಟರ್‌ಫೆರಾನ್ ಚುಚ್ಚುಮದ್ದು. ಕಸಿಗೆ ಹೊಂದುವ ದಾನಿ ಎಲ್ಲರಿಗೂ ಸಿಗುವುದಿಲ್ಲ. ಚುಚ್ಚುಮದ್ದೋ, ಜ್ವರ, ಮೈನೋವು, ಸುಸ್ತು ತಂದು ಹಾಸಿಗೆ ಹಿಡಿಸುವಂಥದು.

ಈ ರೋಗದ ಬುಡ ಹುಡುಕಿದ ಕಥೆಯಲ್ಲೂ ಒಬ್ಬ ಗೃಹಿಣಿ ಇದ್ದಾರೆ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ರೋಗಿಗಳ ಜೀವಕೋಶಗಳಲ್ಲಿ ಒಂದು ಕ್ರೋಮೋಸೋಮ್ ಗಿಡ್ಡವಾಗಿರುವುದನ್ನು ಕಂಡಿದ್ದರು. ಕಳೆದುಹೋದ ತುಂಡು ಎಲ್ಲಿಗೆ ಹೋಯಿತು ಎಂಬುದನ್ನು 1973ರಲ್ಲಿ ತಿಳಿಸಿದವರು ಶಿಕಾಗೋದ ಜಾನೆಟ್ ರೌಲಿ. ನಾಲ್ಕು ಗಂಡುಮಕ್ಕಳನ್ನು ಬೆಳೆಸುತ್ತಾ ಅರೆಕಾಲಿಕವಾಗಿ ಕೆಲಸ ಮಾಡಿದ್ದ ಈ ತಾಯಿ, ಕ್ರೋಮೋಸೋಮ್‌ಗಳ ಚಿತ್ರಗಳನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿಸುತ್ತಿದ್ದರು. ಅಮ್ಮ ಕಾಗದದ ಬೊಂಬೆಯಾಟ ಆಡುತ್ತಾಳೆ ಎಂದು ಮಕ್ಕಳು ನಗುತ್ತಿದ್ದರಂತೆ. ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ಕ್ರೋಮೋಸೋಮ್‌ಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆ ಎಂದು ಅವರು ತೋರಿಸಿದರು. ಆ ತಪ್ಪು ಜೋಡಣೆಯಿಂದ ಹುಟ್ಟುವ ಕಿಣ್ವವೊಂದು ಬಿಳಿಕಣಗಳಿಗೆ 'ಬೆಳೆ, ಬೆಳೆ' ಎಂದು ಹೇಳುತ್ತಲೇ ಇರುತ್ತದೆಂದು ಮುಂದೆ ತಿಳಿಯಿತು. ನಿಲ್ಲಿಸುವವರಿಲ್ಲದ ನಲ್ಲಿಯಂತೆ.

ಆ ನಲ್ಲಿ ನಿಲ್ಲಿಸುವ ರಾಸಾಯನಿಕವನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಗೈಗಿ ಕಂಪನಿಯ ವಿಜ್ಞಾನಿಗಳು ತಯಾರಿಸಿದರು. 1996ರಲ್ಲಿ ಆ ಕಂಪನಿ ಸ್ಯಾಂಡೋಜ್ ಜೊತೆ ಸೇರಿ ನೋವಾರ್ಟಿಸ್ ಆಯಿತು. ಆದರೆ ಔಷಧ ಮುಂದಕ್ಕೆ ಸಾಗಲಿಲ್ಲ. ಈ ಕಾಯಿಲೆಯವರ ಸಂಖ್ಯೆ ಕಡಿಮೆ. ಲಾಭವೇನು ಬಂದೀತು ಎಂಬ ಅನುಮಾನ ಕಂಪನಿಯದು. ನಾಯಿಗಳ ಮೇಲಿನ ಪರೀಕ್ಷೆಯಲ್ಲಿ ಯಕೃತ್ತಿಗೆ ತೊಂದರೆ ಕಂಡಿದ್ದೂ ಒಂದು ಕಾರಣ. ಬ್ರಯನ್ ಡ್ರೂಕರ್ ಎಂಬ ವೈದ್ಯರು ಪಟ್ಟು ಬಿಡದೆ ಒತ್ತಾಯಿಸಿದ್ದರಿಂದ 1998ರ ಜೂನ್‌ನಲ್ಲಿ ಮನುಷ್ಯರ ಮೇಲೆ ಮೊದಲ ಪ್ರಯೋಗ ಶುರುವಾಯಿತು. ಅಮೆರಿಕದ ಪೋರ್ಟ್‌ಲೆಂಡಿನಲ್ಲಿದ್ದ ಅವರ ಆಸ್ಪತ್ರೆ ಅದರ ಮುಖ್ಯ ಕೇಂದ್ರ. ಇಂಟರ್‌ಫೆರಾನ್ ನಾಟದೆ ಹೋದ ರೋಗಿಗಳು ಅದಕ್ಕೆ ಒಪ್ಪಿ ಸಹಿ ಹಾಕಿದರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ನುಂಗಿದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಲೆಕ್ಕ ಸರಿಹೋಯಿತು.

ಸುದ್ದಿ ಹಬ್ಬಿತು. ಆದರೆ ಮೊದಲ ಪ್ರಯೋಗಕ್ಕೆಂದು ತಯಾರಿಸುವ ಔಷಧ ಬೆರಳೆಣಿಕೆಯ ಮಂದಿಗಷ್ಟೇ ಸಾಲುವುದು. ಹೊರಗೆ ಕಾಯುತ್ತಿದ್ದವರ ಸಾಲಿನಲ್ಲಿ ಸುಝನ್ ಕೂಡ ಇದ್ದರು. ಔಷಧವಿದೆ, ಕೆಲಸ ಮಾಡುತ್ತದೆ, ತನಗೆ ಮಾತ್ರ ಇಲ್ಲ! ಸುಝನ್ ಅಳುತ್ತಾ ಕೂರಲಿಲ್ಲ, ಅರ್ಜಿ ಬರೆದರು. 1999ರಲ್ಲಿ ಇಂಟರ್‌ನೆಟ್ ಮೂಲಕ ದೇಶದೇಶಗಳ ರೋಗಿಗಳಿಂದ ಮೂರು ಸಾವಿರಕ್ಕೂ ಹೆಚ್ಚು ಸಹಿ ಕೂಡಿಸಿ ನೋವಾರ್ಟಿಸ್ ಮುಖ್ಯಸ್ಥ ಡೇನಿಯಲ್ ವಸೆಲ್ಲಾ ಅವರಿಗೆ ಕಳಿಸಿದರು. ಅತ್ತರೆ ತಾನೇ ಹಾಲು ಎನ್ನುತ್ತಾರೆ ನಮ್ಮ ಕಡೆ. ಇದು ಅಳುವಲ್ಲ, ಲೆಕ್ಕವಿಟ್ಟು ಕೇಳಿದ್ದು. ಕಂಪನಿ ತಯಾರಿಕೆ ಹೆಚ್ಚಿಸಿತು, ಪ್ರಯೋಗಗಳು ಹಿಗ್ಗಿದವು. 2000ದಲ್ಲಿ ಸುಝನ್ ಪೋರ್ಟ್‌ಲೆಂಡಿಗೆ ಹೋಗಿ ಪ್ರಯೋಗಕ್ಕೆ ಸೇರಿದರು, ಬದುಕಿದರು. ಮುಂದೆ ಸಂಶೋಧನೆ ಮಾಡಿ ಡಾಕ್ಟರೇಟ್ ಕೂಡ ಪಡೆದರು.

ಅದೇ ವರ್ಷ ಆರಂಭವಾದ ದೊಡ್ಡ ಪ್ರಯೋಗಕ್ಕೆ 16 ದೇಶಗಳ 1,106 ರೋಗಿಗಳು ಸೇರಿದರು. ಅರ್ಧ ಮಂದಿಗೆ ಹೊಸ ಮಾತ್ರೆ, ಅರ್ಧ ಮಂದಿಗೆ ಹಳೆಯ ಔಷಧ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ. ಆದರೆ ಹಳೆಯದು ನಾಟದಿದ್ದರೆ ಹೊಸದಕ್ಕೆ ಬದಲಾಗಲು ಅವಕಾಶವಿತ್ತು. ಮಾತ್ರೆ ನುಂಗಿದ ಗುಂಪಿನಲ್ಲಿ ಹತ್ತು ವರ್ಷಗಳ ಮೇಲೂ ನೂರಕ್ಕೆ 83 ಮಂದಿ ಬದುಕಿದ್ದರು. 2001ರ ಮೇ 10ರಂದು ಅಮೆರಿಕ ಸರ್ಕಾರ ಇದಕ್ಕೆ ಅನುಮತಿ ನೀಡಿತು. ಗ್ಲಿವೆಕ್ ಎಂಬ ಹೆಸರಿನಲ್ಲಿ ಅದು ಪೇಟೆಗೆ ಬಂತು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಿತ್ತು! ಮುಂದಿನ ಬಾಗಿಲು ಬೆಲೆಯದು. ನಮ್ಮ ದೇಶದಲ್ಲಿ ಆಗ ಇದರ ಬೆಲೆ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ ಇತ್ತು. ಭಾರತದ ಕಂಪನಿಗಳು ತಯಾರಿಸಿದ ಇದೇ ಔಷಧ ಸುಮಾರು 8ರಿಂದ 10 ಸಾವಿರಕ್ಕೆ ಸಿಗುತ್ತಿತ್ತು. ಬಡವರಿಗೆ ಉಚಿತವಾಗಿ ಕೊಡುವ ಯೋಜನೆಯನ್ನು ನೋವಾರ್ಟಿಸ್ ನಡೆಸಿತು. ಅದರಿಂದ ಭಾರತದಲ್ಲಿ ಸಾವಿರಾರು ಜೀವ ಉಳಿಯಿತು; ಅದನ್ನು ಅಲ್ಲಗಳೆಯಬಾರದು. ಆದರೆ ದಾನಕ್ಕೂ ಹಕ್ಕಿಗೂ ವ್ಯತ್ಯಾಸವಿದೆ. ದಾನ ಕೊಡುವವರ ಪಟ್ಟಿಯಲ್ಲಿ ಹೆಸರಿರಬೇಕು. ಅಗ್ಗದ ಮಾತ್ರೆಗೆ ಅಂಗಡಿಯವನ ಮುಂದೆ ನಿಂತರೆ ಸಾಕು.

ಕಂಪನಿ ಈ ಔಷಧದ ಒಂದು ಹರಳಿನ ರೂಪಕ್ಕೆ ಇಲ್ಲಿ ಪೇಟೆಂಟ್ ಕೇಳಿತು. ಅದಕ್ಕೆ ತಕರಾರು ಎತ್ತಿದವರಲ್ಲಿ ಮುಂಬಯಿಯ ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್ ಎಂಬ ಸಂಸ್ಥೆಯೂ ಒಂದು. ಅದೂ ಒಂದು ಅರ್ಜಿಯೇ. 2006ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ಕಂಪನಿಯ ಬೇಡಿಕೆ ತಳ್ಳಿಹಾಕಿತು. ಮೊಕದ್ದಮೆ ಮೇಲೇರುತ್ತಾ ಸುಪ್ರೀಂ ಕೋರ್ಟ್ ಮುಟ್ಟಿತು. 2013ರ ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ತೀರ್ಪು ಕೊಟ್ಟರು: ತಿಳಿದ ವಸ್ತುವಿನ ಹೊಸ ರೂಪ ರೋಗ ಗುಣಪಡಿಸುವುದರಲ್ಲಿ ಹೆಚ್ಚು ಸಮರ್ಥವೆಂದು ತೋರಿಸದಿದ್ದರೆ ಪೇಟೆಂಟ್ ಇಲ್ಲ. ಹೊಸದನ್ನು ಹುಡುಕುವ ಉತ್ಸಾಹಕ್ಕೆ ಇದರಿಂದ ಪೆಟ್ಟು ಎಂದು ಕಂಪನಿ ಹೇಳಿತು. ಅದೇ ವರ್ಷ ನೂರಕ್ಕೂ ಹೆಚ್ಚು ತಜ್ಞವೈದ್ಯರು ಈ ರೋಗದ ಔಷಧಗಳ ಬೆಲೆ ಅತಿಯಾಯಿತೆಂದು ಬಹಿರಂಗವಾಗಿ ಬರೆದರು. ಅವರಲ್ಲಿ ಡ್ರೂಕರ್ ಕೂಡ ಇದ್ದರು.

ಪ್ರಯೋಗವೆಂದರೆ ನಮ್ಮಲ್ಲಿ ಹಲವರಿಗೆ ಭಯ. ನಮ್ಮನ್ನು ಇಲಿ ಮಾಡುತ್ತಾರೆ ಎನ್ನುತ್ತೇವೆ. ಭಯಕ್ಕೆ ಕಾರಣಗಳೂ ಇವೆ. ಆದರೆ ಈಗ ನಮ್ಮ ದೇಶದಲ್ಲಿ 2019ರ ನಿಯಮಗಳಿವೆ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಪ್ರಯೋಗದಿಂದ ಹಾನಿಯಾದರೆ ಪರಿಹಾರ ಸಿಗಬೇಕು. ಬೇರೆ ಚಿಕಿತ್ಸೆಯಿಲ್ಲದ ರೋಗಿಗೆ ಹೊಸ ಔಷಧ ಹಿಡಿಸಿದ್ದರೆ, ವೈದ್ಯರ ಶಿಫಾರಸು ಮತ್ತು ನೈತಿಕ ಸಮಿತಿಯ ಒಪ್ಪಿಗೆಯ ಮೇಲೆ ಪ್ರಯೋಗ ಮುಗಿದ ನಂತರವೂ ಉಚಿತವಾಗಿ ಕೊಡಬಹುದು. ಮನೆಯಲ್ಲಿ ಯಾರಿಗಾದರೂ ಸಹಿ ಹಾಕಿ ಎಂದರೆ, 'ಪ್ರಯೋಗ ಮುಗಿದ ಮಾರನೆಯ ದಿನ ಮಾತ್ರೆ ಎಲ್ಲಿಂದ ಬರುತ್ತದೆ?' ಎಂದು ಕೇಳಲು ಸಂಕೋಚ ಬೇಡ. ಡಾಕ್ಟರ ಮುಂದೆ ನಾವು ಹೆಂಗಸರು ಕೇಳಬೇಕಾದ್ದನ್ನು ನುಂಗಿಕೊಂಡು, ಹೊರಗೆ ಬಂದು ಪಿಸುಗುಟ್ಟುತ್ತೇವಲ್ಲ, ಆ ಅಭ್ಯಾಸ ಬಿಡಬೇಕು.

ಈಗ ಅರ್ಜಿಯ ಪಾಠ ಬಂದಾಗ ಮಕ್ಕಳಿಗೆ ಸುಝನ್ ವಿಷಯ ಹೇಳುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಅವರು ವಿಳಾಸ ಎಲ್ಲಿ ಬರೆದರು?" ಎಂದಳು. ನಗು ಬಂತು. ಆದರೆ ಪ್ರಶ್ನೆ ಸಣ್ಣದಲ್ಲ. ಯಾರನ್ನು ಕೇಳಬೇಕೆಂದು ತಿಳಿಯುವುದರಲ್ಲೇ ಅರ್ಧ ಅರ್ಜಿ ಮುಗಿದಿರುತ್ತದೆ.