ಕಾಗಿಣಾ ತೀರದ ದಿನಚರ್ಯೆ

ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವು ಈಗ ಕಲಬುರಗಿ ಸೀಮೆಯ ಸೇಡಂ ತಾಲ್ಲೂಕಿನ ಒಂದು ಗ್ರಾಮ. ಒಂಬತ್ತನೆಯ ಶತಮಾನದಲ್ಲಿ ಅದು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದಿತು. 814ರಿಂದ 878ರ ವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರನ್ನು ಕನ್ನಡಿಗರು ಕವಿರಾಜಮಾರ್ಗದ ಸಂಬಂಧದಿಂದ ಬಲ್ಲರು. ಆದರೆ ಅದೇ ಆಸ್ಥಾನದಲ್ಲಿ ಅಲಂಕಾರಶಾಸ್ತ್ರಕ್ಕೆ ಏನೂ ಸಂಬಂಧವಿಲ್ಲದ ಇನ್ನೊಂದು ವಾದವೂ ನಡೆಯಿತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಶ್ರೀನಂದಿ ಆಚಾರ್ಯರ ಶಿಷ್ಯನಾದ ಉಗ್ರಾದಿತ್ಯನೆಂಬ ಜೈನ ಪಂಡಿತನು ವೈದ್ಯರೂ ವಿದ್ವಾಂಸರೂ ನೆರೆದಿದ್ದ ರಾಜಸಭೆಯಲ್ಲಿ ನಿಂತು, ರೋಗಿಗೆ ಔಷಧವೆಂದು ಮಾಂಸವನ್ನು ಕೊಡುವುದು ನಿಷ್ಪ್ರಯೋಜಕವೆಂದು ಪ್ರತಿಪಾದಿಸಿದನು. ಆ ಉಪನ್ಯಾಸವು ಅವನ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥದ ಕೊನೆಗೆ ‘ಹಿತಾಹಿತಾಧ್ಯಾಯ’ವೆಂಬ ಹೆಸರಿನಲ್ಲಿ ಉಳಿದುಬಂದಿದೆ, ಅಲ್ಲಿ ಸ್ಮರಿಸಲ್ಪಟ್ಟ ನೃಪತುಂಗನು ಅಮೋಘವರ್ಷನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗ್ರಂಥವು ಅಚ್ಚಾದುದು 1940ರಲ್ಲಿ, ಮಳಖೇಡಕ್ಕೆ ದೂರವಲ್ಲದ ಸೊಲ್ಲಾಪುರದಲ್ಲಿ.

ಈ ವೈದ್ಯಪರಂಪರೆಯಲ್ಲಿ ರೋಗಚಿಕಿತ್ಸೆಗಿಂತ ಮೊದಲು ಬರುವುದು ಸ್ವಸ್ಥವೃತ್ತ, ಎಂದರೆ ಸ್ವಸ್ಥನ ಪಾಲನೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು, ಹಲ್ಲುಜ್ಜಬೇಕು, ಅಭ್ಯಂಗ ಮಾಡಿಕೊಳ್ಳಬೇಕು, ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು. ಹಣೆ, ಕಂಕುಳುಗಳಲ್ಲಿ ಬೆವರೊಡೆದು ಬಾಯಿ ಒಣಗಿತೆಂದರೆ ನಿಲ್ಲಿಸಬೇಕು. ಹಗಲು ನಿದ್ರಿಸಬಾರದು, ಗ್ರೀಷ್ಮದಲ್ಲಿ ಮಾತ್ರ ನಿದ್ರಿಸಬಹುದು. ಇಂದಿಗೂ ಇದರಲ್ಲಿ ಆಕ್ಷೇಪಿಸತಕ್ಕದ್ದು ಹೆಚ್ಚೇನಿಲ್ಲ. ಆದರೆ ಈ ವಿಧಿಗಳನ್ನು ಓದುವಾಗ ಒಂದು ಸಂಗತಿಯನ್ನು ಮರೆಯಲಾಗದು: ಎಷ್ಟು ಹೊತ್ತಿಗೆ ಏಳಬೇಕು, ಎಷ್ಟು ದಣಿಯಬೇಕು, ಎಂದು ಮಲಗಬೇಕು ಎಂಬುದನ್ನು ತಾನೇ ನಿಶ್ಚಯಿಸಬಲ್ಲವನಿಗೆ, ಎಂದರೆ ತನ್ನ ಹಗಲಿಗೆ ತಾನೇ ಒಡೆಯನಾದವನಿಗೆ, ಅವನ್ನು ಹೇಳಿದೆ. ಈ ಸೀಮೆಯಲ್ಲಿ ಹಗಲಿನ ಒಡೆತನ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ಬಿಟ್ಟು ಇಲ್ಲಿಯ ಜನರ ಆರೋಗ್ಯದ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲವೆಂದು ನನ್ನ ಅಭಿಪ್ರಾಯ.

ಬಹುಕಾಲ ಒಡೆಯನಾಗಿದ್ದವನು ಸೂರ್ಯನೇ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ತಿರುವಿನಲ್ಲಿ, ಅಶೋಕನ ಶಾಸನವೂ ಕನಗನಹಳ್ಳಿಯ ಮಹಾಸ್ತೂಪವೂ ದೊರೆತಿವೆ. ಬೌದ್ಧ ಭಿಕ್ಷುವಿಗೆ ನಡುಹಗಲು ದಾಟಿದ ಮೇಲೆ ಆಹಾರ ನಿಷಿದ್ಧ. ಮಳಖೇಡದ ನೇಮಿನಾಥ ಬಸದಿಗೆ ನಡೆದುಕೊಳ್ಳುವ ಜೈನನಿಗೆ ಸೂರ್ಯಾಸ್ತದ ಮೇಲೆ ಆಹಾರ ನಿಷಿದ್ಧ. ಅದೇ ಮಳಖೇಡದಲ್ಲಿ ಟೀಕಾಚಾರ್ಯರಾದ ಜಯತೀರ್ಥರ ವೃಂದಾವನಕ್ಕೆ ಬರುವ ಮಾಧ್ವನಿಗೆ ಸಂಧ್ಯಾವಂದನೆಯ ಕಾಲನಿಯಮವುಂಟು; ಊರ ಮಸೀದಿಯಲ್ಲಿ ಐದು ಹೊತ್ತಿನ ನಮಾಜಿಗೆ ನೆರಳಿನ ಅಳತೆಯೂ ಬಾನಿನ ಕೆಂಪೂ ಪ್ರಮಾಣ. ಒಬ್ಬರ ಊಟವನ್ನು ಇನ್ನೊಬ್ಬರು ಮುಟ್ಟದ ಕಾಲದಲ್ಲಿಯೂ ಇವರೆಲ್ಲರು ನೋಡುತ್ತಿದ್ದ ಗಡಿಯಾರವು ಒಂದೇ ಆಗಿದ್ದಿತು. ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯ ಘಟಿಕಾಸ್ಥಾನವನ್ನು ಕುರಿತ 1058ರ ಶಾಸನವು ವೇದಾಧ್ಯಯನ ಮಾಡುವ 200 ವಿದ್ಯಾರ್ಥಿಗಳಿಗೂ ಗ್ರಂಥಭಂಡಾರವನ್ನು ನೋಡಿಕೊಳ್ಳುವ 6 ಮಂದಿ ಸರಸ್ವತೀಭಂಡಾರಿಗರಿಗೂ ವೃತ್ತಿಯನ್ನು ಏರ್ಪಡಿಸಿದುದನ್ನು ಹೇಳುತ್ತದೆ. ಅಷ್ಟು ಮಂದಿ ಹುಡುಗರನ್ನು ಒಂದೆಡೆ ಇಟ್ಟು ಓದಿಸಬೇಕಾದರೆ ಏಳುವ, ಉಣ್ಣುವ, ಮಲಗುವ ವೇಳೆಗಳಿಗೆ ಕಟ್ಟುಪಾಡಿಲ್ಲದೆ ನಡೆಯುವುದಿಲ್ಲ; ಅರವತ್ತು ಕಂಬದ ಗುಡಿಯಲ್ಲಿ ನಿಂತವರಿಗೆ ಈ ಯೋಚನೆ ತಾನಾಗಿ ಹೊಳೆದೀತು.

ದೇಹಸಾಧನೆಯ ಕಡೆಗೆ ನೋಡಿದರೆ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವೇ ಇದೆ. ಮಲ್ಲರ ತರಗತಿಗಳು, ಅವರ ಆಹಾರ, ಭಾರವನ್ನೆತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಶ್ರಮ ಇವೆಲ್ಲವನ್ನೂ ಅರಸನು ಬಲು ಆಸಕ್ತಿಯಿಂದ ವಿವರಿಸಿದ್ದಾನೆ. ಕಲ್ಯಾಣಕ್ಕೂ ಈ ಸೀಮೆಯ ಚಿಂಚೋಳಿಗೂ ನಡುವೆ ಇರುವ ನೆಲ ಬಹಳವಲ್ಲ. ಆ ಮಲ್ಲರ ಪರಂಪರೆಯೇ ಇಂದಿನ ತಾಲೀಮಿಗೆ, ಎಂದರೆ ಗರಡಿಗೆ, ಇಳಿದುಬಂದಿತೆಂದು ಸಾಧಿಸುವ ಸಾಹಸಕ್ಕೆ ನಾನು ಹೋಗುವುದಿಲ್ಲ. ನಡುವೆ ಬಹಮನಿ ಅರಸರ, ಆದಿಲಶಾಹಿಯ, ಮೊಗಲರ, ನಿಜಾಮರ ಕಾಲಗಳು ಕಳೆದಿವೆ. ತಾಲೀಮು, ಉಸ್ತಾದ, ಪೈಲ್ವಾನ, ಕುಸ್ತಿ ಎಂಬ ಮಾತುಗಳೇ ಆ ಕಾಲಗಳ ಸಾಕ್ಷಿಯಾಗಿ ನಮ್ಮ ನಾಲಿಗೆಯ ಮೇಲಿವೆ.

ತಾಲೀಮಿನ ಒಳಗೆ ಕಾಣುವುದು ಬಹು ಸರಳವಾದ ವ್ಯವಸ್ಥೆ. ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಹೋಗಬೇಕು. ಗೋಡೆಯ ಗೂಡಿನಲ್ಲಿ ಹನುಮಪ್ಪ. ನಡುವೆ ಜರಡಿ ಹಿಡಿದ ಕೆಮ್ಮಣ್ಣಿನ ಅಂಕಣ. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಕಲಸಿ ಹದ ಮಾಡಿರುತ್ತಾರೆ. ಒಣಗಿದರೆ ಮೈ ತರಚೀತು, ಒದ್ದೆಯಾದರೆ ಕಾಲು ಜಾರೀತು. ಕೋಳಿ ಕೂಗುವ ಹೊತ್ತಿಗೆ ಬಂದ ಕಿರಿಯನು ಮೊದಲು ಸಲಿಕೆ ಹಿಡಿದು ಅಂಕಣವನ್ನೆಲ್ಲ ಅಗೆದು ಮಗುಚಬೇಕು. ಅವನ ಪಾಲಿಗೆ ಮೊದಲನೆಯ ಪಾಠವೇ ಅದು. ಆಮೇಲೆ ದಂಡ, ಬಸ್ಕಿ, ಕಲ್ಲುಗುಂಡು, ಕೊನೆಗೆ ಜೋಡಿ ಹಿಡಿಯುವುದು. ದಣಿದವನು ಅದೇ ಮಣ್ಣನ್ನು ಮೈಗೆಲ್ಲ ಬಳಿದುಕೊಂಡು ಬೆವರಾರುವ ತನಕ ಕುಳಿತಿರುವನು. ಎಷ್ಟು ಸಾಮು ಸಾಕು ಎಂಬುದನ್ನು ಹೇಳುವವನು ಉಸ್ತಾದ. ಶಾಸ್ತ್ರದ ಅರ್ಧಬಲದ ಸೂತ್ರವನ್ನು ಆತ ಓದಿರಲಾರ, ಶಿಷ್ಯನ ಉಸಿರನ್ನು ನೋಡಿಯೇ ಅವನು ‘ಸಾಕು ಬಿಡು’ ಎನ್ನುತ್ತಿದ್ದನು. ಹಿಂದೂ ಮುಸಲ್ಮಾನರೆಂಬ ಭೇದವು ಈ ಅಂಕಣದಲ್ಲಿ ಹೊರಗಿನಷ್ಟು ನಡೆಯುತ್ತಿರಲಿಲ್ಲ. ಜಾತ್ರೆಯ ಮರುದಿನದ ಜಂಗಿ ಕುಸ್ತಿಯಲ್ಲಿ ಗೆದ್ದವನಿಗೆ ಬೆಳ್ಳಿಯ ಕಡಗ; ಊರಿಗೆ ಒಂದು ವರ್ಷದ ಮಾತು.

ಆದರೆ ತಾಲೀಮಿಗೆ ಹೋಗಲು ಎಡೆಯಿದ್ದವರು ಎಷ್ಟು ಮಂದಿ? ಹಾಲು, ತುಪ್ಪ, ಬಾದಾಮಿಗಳ ಖುರಾಕಿಗೆ ಮನೆಯಲ್ಲಿ ಎಮ್ಮೆಯೂ ಕೈಯಲ್ಲಿ ನಾಲ್ಕು ಕಾಸೂ ಬೇಕು. ಮಿಕ್ಕವರ ವ್ಯಾಯಾಮವು ತೊಗರಿಯ ಹೊಲದಲ್ಲಿ ಆಗುತ್ತಿದ್ದಿತು. ಹೆಂಗಸರಂತೂ ನಸುಕಿಗೆ ಮೊದಲೇ ಬೀಸುವ ಕಲ್ಲಿನ ಮುಂದೆ ಕುಳಿತು ಜೋಳ ಬೀಸಿ, ನೀರು ತಂದು, ರೊಟ್ಟಿ ಬಡಿದು, ಪುಂಡಿಪಲ್ಯದ ಬುತ್ತಿಯನ್ನು ಹೊತ್ತುಕೊಂಡು ಹೊಲಕ್ಕೆ ಹೋಗಿ ಕಳೆ ತೆಗೆಯುತ್ತಿದ್ದರು. ಅವರ ಬಲದ ಅರ್ಧವೆಷ್ಟೆಂದು ಯಾವ ಆಚಾರ್ಯನೂ ಅಳೆಯಲಿಲ್ಲ. ಆದರೂ ಆ ದಿನಚರ್ಯೆಯಲ್ಲಿ ಒಂದು ಬಿಡುವು ಇದ್ದೇ ಇರುತ್ತಿದ್ದಿತು. ಚೈತ್ರ ವೈಶಾಖಗಳಲ್ಲಿ ಈ ಸುಣ್ಣಕಲ್ಲಿನ ನೆಲವು ಕಾದು 40 ಡಿಗ್ರಿಯನ್ನು ದಾಟುವಾಗ ನಡುಹಗಲಿನಲ್ಲಿ ದುಡಿಯುವುದು ಮನುಷ್ಯಮಾತ್ರರಿಗೆ ಶಕ್ಯವಿಲ್ಲವಾದುದರಿಂದ, ಎತ್ತೂ ಆಳೂ ಬೇವಿನ ನೆರಳಿಗೆ ಸೇರುತ್ತಿದ್ದರು. ಅಂಬಲಿ ಕುಡಿದು ಅಲ್ಲಿಯೇ ಅಡ್ಡಾಗುವ ಆ ಹೊತ್ತನ್ನು ಯಾರೂ ಆಲಸ್ಯವೆನ್ನುತ್ತಿರಲಿಲ್ಲ.

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿತು. ಇದರೊಡನೆ ಹೊಸ ಒಡೆಯನೊಬ್ಬ ಬಂದನು. ರೈಲುಗಳು ಆ ಕಾಲದಲ್ಲಿ ಮದರಾಸಿನ ಸಮಯವನ್ನು ಅನುಸರಿಸುತ್ತಿದ್ದವು. ವಾಡಿಯು ಹೆಚ್ಚುಕಡಿಮೆ 77 ಡಿಗ್ರಿ ರೇಖಾಂಶದ ಮೇಲಿದೆ. ಅಲ್ಲಿ ಸೂರ್ಯನು ನೆತ್ತಿಗೆ ಬಂದಾಗ, ಸರಾಸರಿಯ ಲೆಕ್ಕದಲ್ಲಿ, ಮದರಾಸಿನ ಗಡಿಯಾರವು 12 ಗಂಟೆ 13 ನಿಮಿಷವನ್ನೂ ಮುಂಬಯಿಯ ಗಡಿಯಾರವು 11 ಗಂಟೆ 43 ನಿಮಿಷವನ್ನೂ ತೋರಿಸುವುದು. ಶಹಾಬಾದಿನ ಮಧ್ಯಾಹ್ನಕ್ಕೂ ಚಿಂಚೋಳಿಯ ಮಧ್ಯಾಹ್ನಕ್ಕೂ ಇರುವ ಅಂತರ ಸುಮಾರು ಎರಡು ನಿಮಿಷ. ಆ ಎರಡು ನಿಮಿಷದ ಗೊಡವೆ ಅದುವರೆಗೆ ಯಾರಿಗೂ ಬಿದ್ದಿರಲಿಲ್ಲ. 1906ರ ಜನವರಿ 1ರಿಂದ ಭಾರತದ ಪ್ರಮಾಣಸಮಯ ಜಾರಿಗೆ ಬಂದ ಮೇಲೆ ವಾಡಿಯ ನೆತ್ತಿಯ ಸೂರ್ಯನು ಗಡಿಯಾರಕ್ಕಿಂತ 22 ನಿಮಿಷ ಹಿಂದೆ ಬಿದ್ದವನು ಇಂದಿಗೂ ಹಿಂದೆಯೇ ಇದ್ದಾನೆ. ನಿಮಿಷವೆಂಬುದು ಹಳ್ಳಿಯವನ ಬಾಳಿನೊಳಗೆ ಕಾಲಿಟ್ಟುದು ನಿಲ್ದಾಣದ ಮಾರ್ಗವಾಗಿ. ಗಾಡಿ ತಪ್ಪೀತೆಂಬ ಆತಂಕವೂ ಅದೇ ಮಾರ್ಗವಾಗಿ ಬಂದಿತು. ರೈಲು ಮುಟ್ಟದ ಚಿಂಚೋಳಿಯ ಕಾಡಂಚಿನ ಹಳ್ಳಿಗಳಲ್ಲಿ, ಮುಲ್ಲಾಮಾರಿಯ ಆಸುಪಾಸಿನಲ್ಲಿ, ನೆರಳಿನ ಲೆಕ್ಕವು ಇನ್ನಷ್ಟು ಕಾಲ ಬಾಳಿತು.

ನಿಜಾಮರ ಸರಕಾರದ ಪಂಚಾಂಗವೂ ಬೇರೆಯಾಗಿದ್ದಿತು. ಕಚೇರಿಯ ಕಾಗದಗಳಲ್ಲಿ ಫಸಲಿ ವರ್ಷ. ತಿಂಗಳುಗಳು ಆಜೂರ್, ದೈ, ಬಹಮನ್ ಇತ್ಯಾದಿ. ವಾರದ ರಜೆ ಶುಕ್ರವಾರ. ಸೆಪ್ಟೆಂಬರ್ 1948ರ ಪೊಲೀಸ್ ಕಾರ್ಯಾಚರಣೆಯ ತರುವಾಯ ರಜೆಯು ಭಾನುವಾರಕ್ಕೆ ಹೊರಳಿತು. ರೈತನಿಗೆ ಎರಡೂ ಒಂದೇ. ಅವನ ರಜೆ ಎಳ್ಳಮವಾಸ್ಯೆಯ ದಿನ, ಹೊಲದಲ್ಲಿ ಚರಗ ಚೆಲ್ಲಿ ಬಜ್ಜಿ, ಸಜ್ಜೆರೊಟ್ಟಿ ಉಣ್ಣುವಾಗ.

ಸೂರ್ಯನನ್ನು ನಿಜವಾಗಿ ಪದಚ್ಯುತಗೊಳಿಸಿದುದು ಸಿಮೆಂಟಿನ ಕುಲುಮೆ. ಪರ್ಸಿಯ ಕಲ್ಲಿಗೆ, ಎಂದರೆ ನೆಲಕ್ಕೆ ಹಾಸುವ ಚಪ್ಪಡಿಗೆ, ಮೊದಲೇ ಹೆಸರಾಗಿದ್ದ ಶಹಾಬಾದಿನಲ್ಲಿ 1920ರ ದಶಕದಲ್ಲಿ ಸಿಮೆಂಟು ಕಾರ್ಖಾನೆ ಎದ್ದಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಅದೂ ಅದರೊಳಗೆ ಸೇರಿತು. ಮುಂದೆ 1960ರ ದಶಕದಲ್ಲಿ ವಾಡಿಗೂ, 1980ರ ದಶಕದಲ್ಲಿ ಮಳಖೇಡ ಸೇಡಂಗಳಿಗೂ ಕುಲುಮೆಗಳು ಬಂದವು. ತಿರುಗುವ ಆ ಉದ್ದನೆಯ ಕೊಳವೆಯೊಳಗೆ ಸುಣ್ಣಕಲ್ಲಿನ ಹುಡಿಯು ಸುಮಾರು 1450 ಡಿಗ್ರಿಯ ಶಾಖದಲ್ಲಿ ಬೆಂದು ಗಟ್ಟಿಯಾಗುತ್ತದೆ. ಅದನ್ನು ಸಂಜೆಗೆ ಆರಿಸಿ ಬೆಳಿಗ್ಗೆ ಹೊತ್ತಿಸುವಂತಿಲ್ಲ. ಆರಿದರೆ ಒಳಗಿನ ಇಟ್ಟಿಗೆಯ ಪದರ ಬಿರಿಯುವುದು, ಮತ್ತೆ ಕಾಯಿಸಲು ದಿನಗಟ್ಟಲೆ ಕಲ್ಲಿದ್ದಲು ಬೇಕು. ಆದುದರಿಂದ ಅದರ ಮುಂದೆ ಇಪ್ಪತ್ತನಾಲ್ಕು ಗಂಟೆಯೂ ಮನುಷ್ಯ ನಿಂತಿರಲೇಬೇಕು. ಹೀಗೆ ಹುಟ್ಟಿದ್ದು ಮೂರು ಪಾಳಿ. ಕಾರ್ಖಾನೆಯ ಭೋಂಗಾ ಕೂಗಿದಾಗ ಕಾರ್ಮಿಕನಷ್ಟೇ ಅಲ್ಲ, ಊರೇ ಏಳುತ್ತಿದ್ದಿತು: ಹೋಟೆಲಿನವನು ಒಲೆ ಹೊತ್ತಿಸುವನು, ತಾಯಿ ಮಗನನ್ನು ಸಾಲೆಗೆ ಎಬ್ಬಿಸುವಳು, ಗಡಿಯಾರವಿದ್ದವನು ಮುಳ್ಳನ್ನು ಸರಿಮಾಡಿಕೊಳ್ಳುವನು.

1948ರ ಕಾರ್ಖಾನೆ ಕಾಯಿದೆಯು ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ ಎಂಬ ಮಿತಿಯನ್ನು ಹಾಕಿತು. 5 ಗಂಟೆಗಿಂತ ಹೆಚ್ಚು ಒಂದೇಸಮನೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆಯ ವಿರಾಮವಿರಬೇಕು, 250ಕ್ಕಿಂತ ಹೆಚ್ಚು ಕೆಲಸಗಾರರಿದ್ದಲ್ಲಿ ಕ್ಯಾಂಟೀನು ಬೇಕು ಎಂದಿತು. ಈ ನಿಯಮಗಳನ್ನು ನಾನು ಕಾನೂನೆಂದು ಮಾತ್ರ ಓದಲಾರೆ. ಇವೂ ಒಂದು ಸ್ವಸ್ಥವೃತ್ತವೇ. ಬೇವಿನ ನೆರಳು ಕೇಳದೆಯೇ ಕೊಡುತ್ತಿದ್ದುದನ್ನು ಇಲ್ಲಿ ಕಲಮುಗಳಲ್ಲಿ ಬರೆಯಿಸಿಕೊಳ್ಳಬೇಕಾಯಿತು. ಎಂಟು ಗಂಟೆಯ ದುಡಿಮೆ ಮುಗಿದ ಮೇಲೆ ಉಳಿಯುವ ಹೊತ್ತು ತನ್ನದು ಎಂಬ ಭಾವನೆ ಈ ಸೀಮೆಯ ಸಾಮಾನ್ಯನಿಗೆ ಮೊದಲ ಬಾರಿಗೆ ಒದಗಿದ್ದು ಪಾಳಿಯಿಂದಲೇ ಎಂಬುದನ್ನೂ ಒಪ್ಪಬೇಕು; ಹೊಲದ ಆಳಿಗೆ ಅಂಥ ಗೆರೆ ಇರಲಿಲ್ಲ. ಆದರೆ ಪಾಳಿಯು ಆಗಾಗ ಮಗ್ಗುಲು ಬದಲಿಸುವಂಥದು. ಈ ವಾರ ನಸುಕು ಬಿಡುವಾಗಿದ್ದವನಿಗೆ ಮುಂದಿನ ವಾರ ಅದೇ ನಸುಕಿನಲ್ಲಿ ಕುಲುಮೆಯ ಕಾವಲು. ನಿತ್ಯವೂ ಒಂದೇ ಹೊತ್ತಿಗೆ ಬರಬೇಕೆಂಬುದು ತಾಲೀಮಿನ ಮೊದಲ ನಿಯಮವಾದ ಕಾರಣ, ಪಾಳಿಯೂ ಸಾಮೂ ಕೂಡಿ ನಡೆಯುವುದು ಕಷ್ಟವಾಯಿತು.

ರಾತ್ರಿಪಾಳಿಯವನ ನಿದ್ರೆಯ ವಿಷಯದಲ್ಲಿ ಹಳೆಯ ವೈದ್ಯವು ಮೌನವಾಗಿಲ್ಲವೆಂಬುದು ಆಶ್ಚರ್ಯ. ಅಭ್ಯಾಸವಿಲ್ಲದೆ ರಾತ್ರಿ ಎಚ್ಚರವಿದ್ದವನು ಎಷ್ಟು ಹೊತ್ತು ಎಚ್ಚರವಿದ್ದನೋ ಅದರ ಅರ್ಧದಷ್ಟನ್ನು ಬೆಳಿಗ್ಗೆ ಉಣ್ಣದೆಯೇ ಮಲಗಿ ತುಂಬಿಕೊಳ್ಳಬೇಕೆಂದು ಆಯುರ್ವೇದದ ಆಚಾರ್ಯನಾದ ವಾಗ್ಭಟನು ವಿಧಿಸಿದ್ದಾನೆ. ಪಾಳಿ ಬಿಟ್ಟು ಮನೆಗೆ ಬಂದವನು ಬಿಸಿ ರೊಟ್ಟಿಯನ್ನು ಒಲ್ಲೆನೆಂದು ಮುಸುಕೆಳೆದುಕೊಂಡು ಮಲಗಿದರೆ, ಹೆಂಡತಿ ಬೈದರೂ, ವಾಗ್ಭಟನು ಅವನ ಪಕ್ಷದಲ್ಲಿರುತ್ತಾನೆ. ಆದರೆ ವಾಗ್ಭಟನ ಎಣಿಕೆಯಲ್ಲಿ ಜಾಗರಣೆಯು ಎಂದೋ ಒಮ್ಮೆ ಬರುವಂಥದು, ಜೀವನಪರ್ಯಂತದ ವೃತ್ತಿಯಲ್ಲ. ದೇಹದ ಒಳಗಡಿಯಾರವನ್ನು ಕದಡುವ ರಾತ್ರಿಪಾಳಿಯು ಬಹುಶಃ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ವರ್ಗೀಕರಿಸಿದುದು 2007ರಲ್ಲಿ; 2019ರಲ್ಲಿ ಅದನ್ನೇ ಮತ್ತೆ ಸ್ಥಿರಪಡಿಸಿತು. ಅಷ್ಟರಲ್ಲಿ ಶಹಾಬಾದಿನಲ್ಲಿ ಪಾಳಿ ಮಾಡಿದ ಮೊದಲ ತಲೆಮಾರಿನವರು ಕಾಲವಶರಾಗಿದ್ದರು. ಇಂದು ಒತ್ತಡದ ನಿರ್ವಹಣೆ, ಸಮಯದ ನಿರ್ವಹಣೆ ಎಂದು ಉಪದೇಶಿಸುವವರು ಕೇಳುಗನ ಕೈಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಇದೆಯೆಂದು ಭಾವಿಸಿಯೇ ಮಾತನ್ನಾರಂಭಿಸುತ್ತಾರೆ. ಈ ಮಟ್ಟಿಗೆ ಅವರು ಮಾನ್ಯಖೇಟದ ಆಸ್ಥಾನವೈದ್ಯರ ವಂಶದವರು.

ಈ ಸೀಮೆಯಲ್ಲಿ ಸೂರ್ಯನಿಗೆ ಇನ್ನೂ ಸ್ವಲ್ಪ ಅಧಿಕಾರ ಉಳಿದಿರುವುದು ಸರಕಾರಿ ಕಚೇರಿಗಳಲ್ಲಿ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳು ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚಬೇಕೆಂದು ರಾಜ್ಯ ಸರಕಾರವು ಆದೇಶ ಹೊರಡಿಸುವ ರೂಢಿಯಿದೆ; ಬೆಂಗಳೂರಿನವರಿಗೆ ಇದು ವಿನೋದವಾಗಿ ಕಂಡರೂ ಸೇಡಮಿನ ತಹಸೀಲ್ ಕಚೇರಿಯಲ್ಲಿ ದುಡಿಯುವವನಿಗೆ ಅದರ ಬೆಲೆ ಗೊತ್ತು. ಪರ್ಸಿಯ ಖಣಿಯಲ್ಲಿ ಉಳಿ ಸುತ್ತಿಗೆ ಹಿಡಿದು ಪದರ ಪದರವಾಗಿ ಕಲ್ಲನ್ನು ಎಬ್ಬಿಸುವವನಿಗೆ ಇಂಥ ಆದೇಶವೇನೂ ಇಲ್ಲ. ಅವನು ನಸುಕಿನಲ್ಲಿಯೇ ಖಣಿಗಿಳಿದು, ಬಿಸಿಲೇರಿ ಕಲ್ಲು ಕೈಸುಡುವ ಹೊತ್ತಿಗೆ ತಾನಾಗಿಯೇ ಮೇಲೆ ಬರುತ್ತಾನೆ. ಎಬ್ಬಿಸಿದ ಕಲ್ಲಿನ ಲೆಕ್ಕದಲ್ಲಿ ಕೂಲಿಯಾದುದರಿಂದ ಆ ವಿಶ್ರಾಂತಿಯ ಖರ್ಚು ಅವನದೇ.